ನವಿಲು, ತಾಜಮಹಲ್ ಬಿಟ್ಟು ನಮ್ಮೂರು: ಮಕ್ಕಳಿಗೆ ತಮ್ಮ ಓಣಿಯನ್ನೂ ದೂರದೇಶದ ಗೆಳೆಯರನ್ನೂ ಪರಿಚಯಿಸುವ ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದೆ ನಮ್ಮ ಐದನೇ ತರಗತಿಯ 23 ಮಕ್ಕಳು ಜರ್ಮನಿಗೆ ಪತ್ರ ಬರೆದರು. ಅದರಲ್ಲಿ 21 ಪತ್ರಗಳಲ್ಲಿ ನವಿಲು ಇತ್ತು. 'ನನ್ನ ದೇಶ ಭಾರತ. ನಮ್ಮ ರಾಷ್ಟ್ರೀಯ ಪಕ್ಷಿ ನವಿಲು. ನಮ್ಮ ದೇಶದಲ್ಲಿ ತಾಜಮಹಲ್ ಇದೆ.' ಅಕ್ಷರ ದುಂಡಗೆ, ಕಾಗುಣಿತ ಸರಿ. ನನಗೂ ಖುಷಿಯೋ ಖುಷಿ. ಜನವರಿಯಲ್ಲಿ ಉತ್ತರ ಬಂತು. ಒಬ್ಬ ಹುಡುಗ ಕೇಳಿದ್ದ: 'ನಿನ್ನ ಮನೆಯ ಕಿಟಕಿಯಿಂದ ನವಿಲು ಕಾಣುತ್ತಾ? ಇಲ್ಲ ಅಂದ್ರೆ ಏನು ಕಾಣುತ್ತೆ?'

ಆ ಪತ್ರ ಕೈಗೆ ಬಂದ ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಏನೂ ಕಾಣಂಗಿಲ್ರಿ ಅಕ್ಕೋರ. ಬರೇ ಮೆಣಸಿನಕಾಯಿ' ಅಂದ.

ನಾವಿರುವುದು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಜನವರಿ ಬಂತೆಂದರೆ ಕಣದ ತುಂಬ ಕೆಂಪು. ಗಾಳಿ ತಿರುಗಿದರೆ ಇಡೀ ತರಗತಿ ಸೀನುತ್ತದೆ. ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಬಣ್ಣದ ಎಣ್ಣೆ ದೇಶ ದಾಟಿ ಹೋಗಿ ತಿಂಡಿಗೂ ಲಿಪ್‌ಸ್ಟಿಕ್ಕಿಗೂ ಸೇರುತ್ತದೆ. ಅದು ಆ ಹುಡುಗನ ಲೆಕ್ಕದಲ್ಲಿ 'ಏನೂ ಕಾಣಂಗಿಲ್ಲ'.

ತಪ್ಪು ಅವನದಲ್ಲ, ನನ್ನದು. ಮೊದಲು ವಿದೇಶದ ಶಾಲೆ ಹುಡುಕಿ, ಆಮೇಲೆ ಏನು ಬರೆಯಬೇಕು ಅಂತ ಯೋಚಿಸಿದ್ದೆ. ಆವತ್ತಿನಿಂದ ಕ್ರಮ ಬದಲಾಯಿಸಿದೆ: ಮೊದಲು ಓಣಿ, ಆಮೇಲೆ ಅಂಚೆ. ಹಾಗೆ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಶಿಕ್ಷಕರಿಗೆ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರಿಗೆ, ಅಪ್ಪ ಅಮ್ಮಂದಿರಿಗೆ ಯಾರಿಗಾದರೂ ಆದೀತು.

ಹಂತ 1: ಮೂರು ತಿಂಗಳು ಊರಲ್ಲೇ ಇರಿ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಆಗಸ್ಟ್ ಮುಗಿಯುವವರೆಗೆ ವಿದೇಶದ ಸುದ್ದಿಯನ್ನೇ ಎತ್ತಬೇಡಿ. ಮಕ್ಕಳಿಗೆ ಗೊತ್ತಾದರೆ ನಾಳೆಯೇ ಪತ್ರ ಬರೆಯೋಣ ಎಂದು ಪ್ರಾಣ ತಿನ್ನುತ್ತಾರೆ.

ಮೊದಲ ಕೆಲಸಕ್ಕೆ ನಾವು 'ಕಿಟಕಿ ಪುಟ' ಅನ್ನುತ್ತೇವೆ. ಒಂದು ವಾರ, ದಿನಾ ಒಂದೇ ಹೊತ್ತಿಗೆ, ಒಂದೇ ಕಿಟಕಿ ಅಥವಾ ಬಾಗಿಲ ಮುಂದೆ ಐದು ನಿಮಿಷ ನಿಂತು ಕಂಡದ್ದನ್ನು ಐದು ಸಾಲು ಬರೆಯುವುದು. ಒಂದೇ ನಿಯಮ: 'ಚೆನ್ನಾಗಿದೆ', 'ಸುಂದರವಾಗಿದೆ' ಅನ್ನುವ ಹಾಗಿಲ್ಲ. ಮೊದಲ ದಿನ 'ಮರ ಇದೆ, ರಸ್ತೆ ಇದೆ' ಎಂದೇ ಬರುತ್ತದೆ. ಬೇಜಾರಾಗಬೇಡಿ. ನಾಲ್ಕನೇ ದಿನಕ್ಕೆ ಬರೆಯಲು ಏನೂ ಉಳಿಯುವುದಿಲ್ಲ, ಆಗಲೇ ನೋಡಲು ಶುರು ಮಾಡುತ್ತಾರೆ. 'ಹಾಲಿನ ಕಾಕಾ ಗಾಡಿ ನಿಲ್ಲಿಸೋಕೆ ಮುಂಚೆ ಎಡಗಾಲು ಇಳಿಬಿಡ್ತಾನೆ' ಎಂದು ಒಬ್ಬಳು ಬರೆದಳು. ಆ ಒಂದು ಸಾಲಿಗೆ ಹತ್ತು ತಾಜಮಹಲ್ ಕೊಡಬಹುದು.

ಎರಡನೆಯದು ನಕ್ಷೆ. ಹಳೆಯ ಕ್ಯಾಲೆಂಡರಿನ ಹಿಂಬದಿ ಇದಕ್ಕೆ ಹೇಳಿ ಮಾಡಿಸಿದ್ದು. ನಾಲ್ಕೈದು ಮಕ್ಕಳ ಗುಂಪು ಮಾಡಿ ಊರು ಸುತ್ತಿಸಿ. ಅಗಸಿ, ಗುಡಿ, ಮಸೀದಿ, ಹಿಟ್ಟಿನ ಗಿರಣಿ, ಕೆರೆ, ಬಸ್ ನಿಲ್ಲುವ ಜಾಗ ಎಲ್ಲ ಬರುತ್ತವೆ. ಅದರ ಮೇಲೆ ಮಕ್ಕಳದ್ದೇ ಗುರುತುಗಳು ಬರಲಿ: ನಾಯಿ ಬೆನ್ನತ್ತುವ ಮೂಲೆ, ಹುಣಸೆಹಣ್ಣು ಬೀಳುವ ಜಾಗ, ಮಳೆಗಾಲದಲ್ಲಿ ಚಪ್ಪಲಿ ಸಿಕ್ಕಿಹಾಕಿಕೊಳ್ಳುವ ಕೆಸರು. ಚರಂಡಿ ಕಟ್ಟಿಕೊಂಡಿದ್ದರೆ ಅದೂ ಬರಲಿ. ಊರನ್ನು ಪ್ರೀತಿಸುವುದು ಅಂದರೆ ಹೊಗಳುವುದು ಅಂತ ಮಕ್ಕಳ ತಲೆಯಲ್ಲಿ ಕೂತರೆ ಕಷ್ಟ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆಯಲ್ಲ, ಈ ನಕ್ಷೆಯನ್ನು ಅಲ್ಲಿಗೇ ಒಯ್ಯಿರಿ. 'ಚರಂಡಿ ಸರಿ ಇಲ್ರಿ' ಎಂದು ಬಾಯಲ್ಲಿ ಹೇಳಿದರೆ ಆಯ್ತಾಯ್ತು ಎನ್ನುತ್ತಾರೆ. ನಕ್ಷೆ ಬಿಡಿಸಿಟ್ಟು ಬೆರಳು ತೋರಿಸಿದರೆ ಪಂಚಾಯಿತಿ ಅಧಿಕಾರಿ ಪಿಡಿಒ ಎದ್ದು ನೋಡಲೇಬೇಕಾಗುತ್ತದೆ.

ಮೂರನೆಯದು ಹಿರಿಯರ ಹತ್ತಿರ ಮಾತು. ಇದರಲ್ಲಿ ಪ್ರಶ್ನೆಯೇ ಮುಖ್ಯ. 'ಹಿಂದಿನ ಕಾಲ ಹೆಂಗಿತ್ತು ಅಜ್ಜಾ?' ಎಂದರೆ 'ಭಾಳ ಚಲೋ ಇತ್ತು' ಎಂಬ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ಸಣ್ಣದಾಗಿ ಕೇಳಲು ಹೇಳಿಕೊಡಿ. ನಿಮ್ಮ ಮೊದಲ ಚಪ್ಪಲಿ ಯಾವಾಗ ಬಂತು? ಮೊದಲ ಸಲ ಬಸ್ ಹತ್ತಿ ಎಲ್ಲಿಗೆ ಹೋದ್ರಿ? ಮನೆಗೆ ಕರೆಂಟ್ ಬಂದ ದಿನ ರಾತ್ರಿ ಏನು ಮಾಡಿದ್ರಿ? ಇಂಥ ಪ್ರಶ್ನೆಗೆ ಅಜ್ಜ ಅರ್ಧ ಗಂಟೆ ಮಾತಾಡುತ್ತಾನೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಕೇಳಿ ಮಾಡಬೇಕು, ಅದನ್ನೂ ಈಗಲೇ ರೂಢಿ ಮಾಡಿಸಿ.

ನಾಲ್ಕನೆಯದು ಮನೆಯವರ ಕೆಲಸ ನೋಡುವುದು. ನಮ್ಮಲ್ಲಿ ಎಷ್ಟೋ ತಾಯಂದಿರು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾರೆ. ಒಬ್ಬ ಹುಡುಗಿಗೆ ಅದನ್ನು ಹೇಳಲು ನಾಚಿಕೆ. 'ನಮ್ಮವ್ವ ಮನ್ಯಾಗ ಇರ್ತಾಳ್ರಿ' ಎಂದು ಬರೆದಿದ್ದಳು. ಒಂದು ದಿನ ಅವ್ವನನ್ನೇ ತರಗತಿಗೆ ಕರೆದೆವು. ಡಬ್ಬಿ, ಕಡ್ಡಿ ಎಂಬ ಎರಡೂ ಬಗೆಯ ಮೆಣಸಿನಕಾಯಿಯನ್ನು ಆಕೆ ಮುಂದೆ ಹರಡಿ, ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. 'ಬೀಜ ಗಿಲಿಗಿಲಿ ಅಂದ್ರ ಒಣಗೇತಿ. ಸಪ್ಪಳ ಇಲ್ಲಾಂದ್ರ ಇನ್ನ ಒಂದಿನ ಬಿಸಲಿಗೆ ಹಾಕ್ಬೇಕು.' ಇಡೀ ತರಗತಿ ಒಂದೊಂದು ಕಾಯಿ ಕಿವಿಗೆ ಹಿಡಿದು ಕೂತಿತ್ತು. ಆಮೇಲೆ ಎಲ್ಲರೂ ಕಣ್ಣುಜ್ಜಿಕೊಂಡು ಅತ್ತರು, ಅದು ಬೇರೆ ಮಾತು. ಪಕ್ಕದಲ್ಲಿ ಒಂದು ಬಕೆಟ್ ನೀರು, ಸೋಪು ಇಟ್ಟುಕೊಳ್ಳಿ.

ಊರಿನ ದೊಡ್ಡವರ ಕತೆಯೂ ಬೇಕು, ಆದರೆ ಕಾಲಿಗೆ ತಾಗುವಷ್ಟು ಹತ್ತಿರದ್ದು. ನಮ್ಮ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಏಕೈಕ ಕನ್ನಡಿಗ. ಆಗ ಅವರಿಗೆ 18 ವರ್ಷ. 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ನಮ್ಮ ಮಕ್ಕಳು ಹಾವೇರಿಗೆ ಹೋಗುವಾಗಲೆಲ್ಲ ಮೋಟೆಬೆನ್ನೂರು ದಾಟುತ್ತಾರೆ. ಉಪ್ಪಿನ ಸತ್ಯಾಗ್ರಹ ಹೊರದೇಶದ ಮಕ್ಕಳಿಗೂ ಪಾಠದಲ್ಲಿ ಸಿಗುವ ಸಂಗತಿ. 'ಆ ಸಾಲಿನಲ್ಲಿ ನಮ್ಮ ಪಕ್ಕದ ಊರಿನವರು ಒಬ್ಬರಿದ್ದರು' ಎಂದು ಹೇಳುವ ಮಗುವಿನ ದನಿಯೇ ಬೇರೆ ಇರುತ್ತದೆ. ನಿಮ್ಮ ತಾಲ್ಲೂಕಿನಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಹುಡುಕಿ.

ಹಂತ 2: ಜೊತೆಗಾರರನ್ನು ಹುಡುಕುವುದು

ಮೊದಲು ನಿಮ್ಮೂರಿನಿಂದ ಹೊರಗೆ ಹೋದವರನ್ನು ನೆನಪಿಸಿಕೊಳ್ಳಿ. ಹಳೆಯ ವಿದ್ಯಾರ್ಥಿ, ಅಂಗಡಿಯವರ ಅಳಿಯ, ನರ್ಸ್ ಆಗಿ ಹೋದ ಹುಡುಗಿ. ನಮಗೆ ಸಿಕ್ಕಿದ್ದು ಹಾಗೆಯೇ. ಊರಿನ ಒಬ್ಬರ ಮಗಳು ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಳು. ಅವಳ ಟೀಚರಿಗೆ ಅವರ ಮೂಲಕವೇ ವಿಷಯ ತಲುಪಿಸಿದೆವು. ಎರಡೂ ಕಡೆ ಗೊತ್ತಿರುವ ಒಬ್ಬರು ನಡುವೆ ಇದ್ದರೆ ಅರ್ಧ ತಲೆನೋವು ಕಡಿಮೆ.

ಅಂಥವರು ಸಿಗದಿದ್ದರೆ ಹೊರದೇಶಗಳ ಕನ್ನಡ ಸಂಘಗಳು ನಡೆಸುವ ವಾರಾಂತ್ಯದ ಕನ್ನಡ ಶಾಲೆಗಳಿವೆ. ಅಮೆರಿಕ, ಬ್ರಿಟನ್, ದುಬೈ, ಸಿಂಗಪುರ ಎಲ್ಲ ಕಡೆ ಇಂಥವು ನಡೆಯುತ್ತವೆ. ಅಲ್ಲಿನ ಮಕ್ಕಳಿಗೆ ಕನ್ನಡದಲ್ಲಿ ಪತ್ರ ಬರೆಯಲು ಒಂದು ನಿಜವಾದ ಕಾರಣ ಬೇಕಿರುತ್ತದೆ, ನಿಮ್ಮ ಮಕ್ಕಳೇ ಆ ಕಾರಣ ಆಗಬಹುದು. ಕನ್ನಡ ಬಾರದ ಮಕ್ಕಳ ಜೊತೆ ಬೇಕೆಂದರೆ 1988ರಿಂದ ದೇಶದೇಶಗಳ ಶಾಲೆಗಳನ್ನು ಜೋಡಿಸುತ್ತಿರುವ ಐ-ಅರ್ನ್ ಎಂಬ ಜಾಲವಿದೆ, ಅದರ ಭಾರತ ಶಾಖೆಯೂ ಇದೆ. ಬರೀ ಅಂಚೆ ಕಾರ್ಡ್ ಸಾಕು ಎಂದರೆ ಬೇರೆ ಬೇರೆ ದೇಶದ ಅಪರಿಚಿತರು ಒಬ್ಬರಿಗೊಬ್ಬರು ಕಾರ್ಡ್ ಕಳಿಸುವ, 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದ ಪೋಸ್ಟ್‌ಕ್ರಾಸಿಂಗ್ ಎಂಬ ಜಾಲತಾಣ ಇದೆ. ಅದರಲ್ಲಿ ಖಾತೆ ದೊಡ್ಡವರ ಕೈಯಲ್ಲೇ ಇರಲಿ. ವಿಶ್ವ ಅಂಚೆ ಒಕ್ಕೂಟ 9ರಿಂದ 15 ವರ್ಷದ ಮಕ್ಕಳಿಗೆ 1971ರಿಂದ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತಿದೆ. ನಮ್ಮ ಅಂಚೆ ಇಲಾಖೆಯ ಮೂಲಕ ಸೇರಬಹುದು. ಕೈ ಪಳಗಿಸಲು ಒಳ್ಳೆಯ ದಾರಿ.

ಒಂದು ಮಗುವಿಗೆ ಒಂದು ಮಗು ಎಂದು ಜೋಡಿ ಕಟ್ಟಬೇಡಿ. ಕಟ್ಟಿದರೆ ಯಾರೋ ಒಬ್ಬನಿಗೆ ಉತ್ತರ ಬರುವುದಿಲ್ಲ. ಅವನ ಮುಖ ನೋಡಲು ಆಗುವುದಿಲ್ಲ. ತರಗತಿಗೆ ತರಗತಿ ಎಂದೇ ಇಟ್ಟುಕೊಳ್ಳಿ, ಬಂದ ಪತ್ರ ಎಲ್ಲರದ್ದು.

ಆ ಕಡೆಯ ಟೀಚರ್ ಜೊತೆ ಮೊದಲೇ ಮಾತಾಡಬೇಕಾದ್ದು ರಜೆಯ ಲೆಕ್ಕ. ನಮಗೆ ಅಕ್ಟೋಬರ್‌ನಲ್ಲಿ ದಸರಾ ರಜೆ, ಏಪ್ರಿಲ್ ಎರಡನೇ ವಾರದಿಂದ ಬೇಸಿಗೆ ರಜೆ. ಜರ್ಮನಿಯ ನಮ್ಮ ಜೊತೆಗಾರರಿಗೆ ಶಾಲೆ ಶುರುವಾಗುವುದೇ ಸೆಪ್ಟೆಂಬರ್ ಮಧ್ಯದಲ್ಲಿ, ಅಕ್ಟೋಬರ್ ಕೊನೆಗೆ ಒಂದು ವಾರ ರಜೆ, ಕ್ರಿಸ್‌ಮಸ್‌ಗೆ ಎರಡು ವಾರ. ಎಲ್ಲ ಕಳೆದರೆ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಇಬ್ಬರೂ ಶಾಲೆಯಲ್ಲಿರುವುದು ಐದಾರು ತಿಂಗಳು ಅಷ್ಟೇ. ಅಷ್ಟರಲ್ಲಿ ಮೂರು ಪೊಟ್ಟಣ, ಎರಡು ವಿಡಿಯೋ ಕರೆ. ಅದಕ್ಕಿಂತ ಜಾಸ್ತಿ ಆಸೆ ಪಡಬೇಡಿ.

ಹಂತ 3: ಒಪ್ಪಿಗೆ ಮತ್ತು ಎಚ್ಚರ

ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪತ್ರ ಹೋಗಿರಲಿ. ಪಾಲಕರಿಂದ ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ. ಓದಲು ಬಾರದವರಿಗೆ ಓದಿ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಯುರೋಪಿನವರು ಈ ವಿಷಯದಲ್ಲಿ ನಮಗಿಂತ ಬಿಗಿ. ನಮ್ಮ ಜೊತೆ ಶಾಲೆಯವರು ಮುಖ ಕಾಣುವ ಫೋಟೊ ಬೇಡವೇ ಬೇಡ ಎಂದರು. ಮೊದಲು ನನಗೆ ಬೇಸರವಾಯಿತು. ಆಮೇಲೆ ಎರಡೂ ಕಡೆ ಮಕ್ಕಳು ಕನ್ನಡಿ ನೋಡಿಕೊಂಡು ತಮ್ಮ ಮುಖ ತಾವೇ ಬರೆದು ಕಳಿಸಿದರು. ಫೋಟೊಕ್ಕಿಂತ ಅವೇ ಚಂದ.

ನಮ್ಮ ನಿಯಮಗಳು ಗೋಡೆ ಮೇಲಿವೆ: ಪತ್ರದಲ್ಲಿ ಅಡ್ಡಹೆಸರು (ಮನೆತನದ ಹೆಸರು) ಇಲ್ಲ, ಹೆಸರು ಮಾತ್ರ. ಮನೆ ವಿಳಾಸ ಇಲ್ಲ, ಶಾಲೆಯದ್ದು ಮಾತ್ರ. ಫೋನ್ ನಂಬರ್, ಇನ್‌ಸ್ಟಾಗ್ರಾಂ ಸುದ್ದಿ ಇಲ್ಲ. ಬಂದ ಪತ್ರ, ಹೋಗುವ ಪತ್ರ ಎರಡನ್ನೂ ಟೀಚರ್ ಓದುತ್ತಾರೆ, ಅದು ಮಕ್ಕಳಿಗೂ ಗೊತ್ತಿರುತ್ತದೆ.

ಇನ್ನೊಂದು ನಿಯಮ ತಡವಾಗಿ ಸೇರಿತು: ದುಡ್ಡು, ಬಟ್ಟೆ, ನೋಟ್‌ಬುಕ್ ತೆಗೆದುಕೊಳ್ಳುವುದಿಲ್ಲ. ಮೊದಲ ವರ್ಷ ಆ ಕಡೆಯ ಪಾಲಕರೊಬ್ಬರು ಒಂದು ಪೆಟ್ಟಿಗೆ ಬಟ್ಟೆ ಕಳಿಸುತ್ತೇವೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಂದು ಸಲ ಒಂದು ಕಡೆ ಕೊಡುವವರು, ಇನ್ನೊಂದು ಕಡೆ ತೆಗೆದುಕೊಳ್ಳುವವರು ಎಂದಾದರೆ ಮುಗಿಯಿತು, ಆಮೇಲೆ ಅವರು ಗೆಳೆಯರಲ್ಲ. 'ಬಟ್ಟೆ ಬೇಡ, ನಿಮ್ಮ ಊರಿನ ನಕ್ಷೆ ಕಳಿಸಿ' ಎಂದು ಬರೆದೆವು. ಕಳಿಸಿದರು.

ಹಂತ 4: ಪತ್ರ ಬರೆಯುವುದು, ಅದೂ ಕನ್ನಡದಲ್ಲಿ

ಇಂಗ್ಲಿಷ್‌ನಲ್ಲಿ ಬರೆಸಬೇಡಿ. ಗೊತ್ತಿರುವ ಹತ್ತು ವಾಕ್ಯಗಳೊಳಗೆ ಮಗು ಸಿಕ್ಕಿಕೊಳ್ಳುತ್ತದೆ, ಮತ್ತೆ ನವಿಲು ಹಾರಿ ಬರುತ್ತದೆ. ತನ್ನ ಮಾತಿನಲ್ಲೇ ಬರೆಯಲಿ. ನೀವು ಅಥವಾ ದೊಡ್ಡ ತರಗತಿಯ ಮಕ್ಕಳು ಕೆಳಗೆ ಇಂಗ್ಲಿಷ್ ಅರ್ಥ ಬರೆಯಿರಿ. ಅಲ್ಲಿನ ಟೀಚರ್ ಅದನ್ನು ಜರ್ಮನ್ ಮಾಡಿಕೊಳ್ಳುತ್ತಾರೆ. ಅವರ ಮಕ್ಕಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಮೂರನೇ ತರಗತಿಯಲ್ಲಿ ಶುರುವಾಗಿದ್ದು. ಈ ಸುದ್ದಿ ಕೇಳಿ ನಮ್ಮ ಮಕ್ಕಳು ಪಟ್ಟ ಸಮಾಧಾನ ನೋಡಬೇಕಿತ್ತು. 'ಹಂಗಾರ ಅವ್ರಿಗೂ ಬರಂಗಿಲ್ರಿ?'

ಫೋನಿನ ಅನುವಾದ ಬಳಸಿ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ಅದಕ್ಕೆ ಹೇಳಿಕೊಡಲು ಹೋಗಿ ನಾನೇ ಸೋತೆ. ಇಂಥ ಪದಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಚಿತ್ರ ಬರೆಸಿ.

ಪ್ರತಿ ಪತ್ರದಲ್ಲೂ ಮೂರು ಸಂಗತಿ ಇರಲಿ: ಕಿಟಕಿ ಪುಟದ ಒಂದು ಸಾಲು, ಈ ವಾರ ನಿಜವಾಗಿ ನಡೆದ ಒಂದು ವಿಷಯ, ಒಂದು ಪ್ರಶ್ನೆ. ಪ್ರಶ್ನೆ ನೋಡಿ ಬರಬೇಕಾದದ್ದಾಗಿರಲಿ, ಗೂಗಲ್‌ನಲ್ಲಿ ಸಿಗುವಂಥದ್ದಲ್ಲ. 'ನಿಮ್ಮ ರಾಜಧಾನಿ ಯಾವುದು' ಬೇಡ. 'ನಿಮ್ಮ ಮನೆಯಲ್ಲಿ ಖಾಲಿ ಬಾಟಲಿ ಏನು ಮಾಡ್ತೀರಿ' ಎಂದು ನಮ್ಮವನೊಬ್ಬ ಕೇಳಿದ. ಅಲ್ಲಿ ಒಂದೇ ಸಲ ಬಳಸುವ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದಂತೆ, ಮಕ್ಕಳು ಅದನ್ನು ಕೂಡಿಸಿ ಐಸ್‌ಕ್ರೀಂ ತಿನ್ನುತ್ತಾರಂತೆ. ನಮ್ಮವರು ತಿರುಗಿ ಬರೆದರು: ನಮ್ಮಲ್ಲಿ ಗುಜರಿಯವನು ಸೈಕಲ್ ಮೇಲೆ ಬಂದು ಬಾಟಲಿಗೆ ಬದಲು ಬೆಳ್ಳುಳ್ಳಿ ಕೊಡುತ್ತಾನೆ. ಆ ಕಡೆ ಎರಡು ದಿನ ಇದೇ ಚರ್ಚೆ ಆಯಿತೆಂದು ಅವರ ಟೀಚರ್ ಹೇಳಿದರು. ಬೆಳ್ಳುಳ್ಳಿ ಒಳ್ಳೆಯದೋ 25 ಸೆಂಟ್ ಒಳ್ಳೆಯದೋ ಅಂತ.

ಹಂತ 5: ಪೊಟ್ಟಣ ಕಟ್ಟುವುದು

ಕಾಗದ ಮಾತ್ರ ಇದ್ದರೆ ಸಾಮಾನ್ಯ ಏರ್‌ಮೇಲ್ ಸಾಕು. ವಸ್ತು ಸೇರಿಸಿದ ಕೂಡಲೇ ಕಸ್ಟಮ್ಸ್ ಫಾರಂ ತುಂಬಬೇಕು, ನಾವು ಕಳಿಸುವಾಗ ಸಣ್ಣ ಪೊಟ್ಟಣಕ್ಕೆ ಸಿಎನ್ 22 ಎಂಬ ಚೀಟಿ ಇತ್ತು. ಒಳಗೇನಿದೆ, ಎಷ್ಟು ತೂಕ, ಬೆಲೆ ಎಷ್ಟು ಎಂದು ಒಂದೊಂದಾಗಿ ಬರೆಯಿರಿ. ಬರೀ 'ಗಿಫ್ಟ್' ಎಂದು ಗೀಚಿದರೆ ನಡೆಯುವುದಿಲ್ಲ. ಆಗ ಸಣ್ಣ ಪೊಟ್ಟಣಕ್ಕೆ 2 ಕಿಲೊ ಮಿತಿ ಇತ್ತು. ಕಳಿಸುವವರ ಗುರುತಿನ ಚೀಟಿಯ ಪ್ರತಿ ಕೈಯಲ್ಲಿರಲಿ. ಹಳ್ಳಿಯ ಅಂಚೆ ಕಚೇರಿಯಲ್ಲಿ ಆಗದಿದ್ದರೆ ತಾಲ್ಲೂಕಿನ ಕಚೇರಿಗೆ ಹೋಗಿ, ಆ ದೇಶಕ್ಕೆ ಈಗ ಪೊಟ್ಟಣ ತೆಗೆದುಕೊಳ್ಳುತ್ತಿದ್ದಾರಾ ಎಂದು ಮೊದಲೇ ಕೇಳಿಕೊಳ್ಳಿ. ನಿಯಮಗಳು ಆಗಾಗ ಬದಲಾಗುತ್ತವೆ. ನಮ್ಮ ಪೊಟ್ಟಣ ತಲುಪಲು ಮೂರರಿಂದ ಐದು ವಾರ ಹಿಡಿದಿದೆ. ಆಗುವುದಾದರೆ ಮಕ್ಕಳನ್ನೇ ಕರೆದುಕೊಂಡು ಹೋಗಿ, ಠಸ್ಸೆ ಹೊಡೆಯುವ ಸದ್ದು ಅವರೂ ಕೇಳಲಿ.

ಈಗ ನಮ್ಮ ದಡ್ಡತನ ಕೇಳಿ. ಎರಡನೇ ಪೊಟ್ಟಣದಲ್ಲಿ ಮೆಣಸಿನ ಬೀಜ ಇಟ್ಟಿದ್ದೆವು, ಅವರೂ ಕುಂಡದಲ್ಲಿ ಬೆಳೆಯಲಿ ಎಂದು. ಜೊತೆಗೆ ಚೆಂಡು ಹೂವಿನ ಬೀಜ. 2019ರ ಡಿಸೆಂಬರ್‌ನಿಂದ ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬೀಜ, ಗಿಡ ಹೋಗಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೇ ಬೇಕು. ನನಗೆ ಗೊತ್ತಿರಲಿಲ್ಲ. ಪೊಟ್ಟಣ ತಲುಪಲೇ ಇಲ್ಲ. 23 ಮಕ್ಕಳ ಪತ್ರಗಳೂ ಅದರ ಜೊತೆಗೇ ಹೋದವು. ಆವತ್ತಿನಿಂದ ಎರಡು ಪಾಠ: ಬೀಜ, ಎಲೆ, ಮಣ್ಣು, ತಿಂಡಿ ಯಾವುದೂ ಇಲ್ಲ. ಕಳಿಸುವ ಮುಂಚೆ ಪ್ರತಿ ಪತ್ರದ ಫೋಟೊ ತೆಗೆದಿಟ್ಟುಕೊಳ್ಳುವುದು.

ಹಾಗಾದರೆ ಏನು ಕಳಿಸುವುದು? ಬಸ್ ಟಿಕೆಟ್. ಬೆಂಕಿಪೆಟ್ಟಿಗೆ ಚೀಟಿ, ಆದರೆ ಬೆಂಕಿಕಡ್ಡಿ ಬೇಡ. ಚೌಕಳಿ ಹಾಳೆ ಮೇಲೆ ಬರೆದ ಕಸೂತಿಯ ಗೋಪುರ, ತುಳಸಿಕಟ್ಟೆ. ಅಜ್ಜಿಯ ಇಳಕಲ್ ಸೀರೆಯ ಸೆರಗಿನ ಚೂರು, ಅಜ್ಜಿ ಒಪ್ಪಿದರೆ ಮಾತ್ರ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳ ಚಿತ್ರ. ದೀಪಾವಳಿಗೆ ಆಕಾಶಬುಟ್ಟಿ ಮಾಡುವ ವಿಧಾನವನ್ನು ಮಡಿಕೆ ಮಡಿಕೆಯಾಗಿ ಬರೆದು ಕಳಿಸಿದ್ದೆವು. ನವೆಂಬರ್ 11ರ ಸುಮಾರಿಗೆ ಅಲ್ಲಿನ ಮಕ್ಕಳೂ ಸಂತ ಮಾರ್ಟಿನ್ ಹೆಸರಲ್ಲಿ ಕೈಯಿಂದ ಮಾಡಿದ ಕಾಗದದ ಲಾಟೀನು ಹಿಡಿದು ಹಾಡುತ್ತಾ ಮೆರವಣಿಗೆ ಹೋಗುತ್ತಾರೆ. ಆ ವರ್ಷ ಅಲ್ಲಿನ ಸಾಲಿನಲ್ಲಿ ಮೂರು ಆಕಾಶಬುಟ್ಟಿ ಇದ್ದವು.

ನಕ್ಷೆಯಲ್ಲಿ ಬಿಟ್ಟುಹೋದ ಕೇರಿ

ಹಂತಗಳ ನಡುವೆ ಇದೊಂದನ್ನು ಹೇಳಲೇಬೇಕು. ನಮ್ಮ ಮಕ್ಕಳು ಬರೆದ ನಕ್ಷೆಯನ್ನು ಮೊದಲ ಪೊಟ್ಟಣದಲ್ಲಿ ಕಳಿಸಿದ್ದೆವು. ಅಲ್ಲಿಂದ ಬಂದ ಪ್ರಶ್ನೆಗಳಲ್ಲಿ ಒಂದು: 'ಹಳ್ಳದ ಆಚೆ ನೀವು ಏನೂ ಬರೆದಿಲ್ಲ. ಅಲ್ಲಿ ಯಾರೂ ಇರುವುದಿಲ್ಲವಾ?'

ಹಳ್ಳದ ಆಚೆ ಒಂದು ಕೇರಿ ಇದೆ. ಸುಮಾರು ನಲವತ್ತು ಮನೆ. ನಮ್ಮ ತರಗತಿಯ ಇಬ್ಬರು ಮಕ್ಕಳು ಬರುವುದೇ ಅಲ್ಲಿಂದ. ಯಾವ ಗುಂಪೂ ಆ ಕೇರಿ ಬರೆದಿರಲಿಲ್ಲ. ಆ ಇಬ್ಬರೂ ತಮ್ಮ ಮನೆ ಬರೆದಿರಲಿಲ್ಲ. ನಕ್ಷೆಯನ್ನು ಒಂದು ತಿಂಗಳು ಗೋಡೆ ಮೇಲೆ ನೋಡುತ್ತಿದ್ದ ನನಗೂ ಅದು ಕಂಡಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಭಾಷಣ ಮಾಡಲಿಲ್ಲ. ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದೆ, ಉತ್ತರ ಕೊಡಬೇಕಲ್ಲ ಎಂದೆ. ಮರುದಿನ ಹಳ್ಳ ದಾಟಿ ಹೋದೆವು. ಆ ಇಬ್ಬರೇ ಮುಂದೆ ನಡೆದು ದಾರಿ ತೋರಿಸಿದರು. ಅಲ್ಲೊಬ್ಬ ಅಜ್ಜಿ, ಸೂಲಗಿತ್ತಿ. ಆಸ್ಪತ್ರೆಗೆ ಹೋಗುವ ರೂಢಿ ಬರುವ ಮುಂಚೆ ಊರಿನ ಹೆರಿಗೆಗಳು ಅವರ ಕೈಯಲ್ಲೇ ಆದದ್ದು. ಒಬ್ಬೊಬ್ಬ ಮಗುವಿನ ಮುಖ ನೋಡಿ 'ನೀ ಯಾರ ಮಗ?' ಎಂದು ಕೇಳಿ, 'ನಿಮ್ಮಪ್ಪ ಮಳಿ ರಾತ್ರಿ ಹುಟ್ಟಿದ, ಕಾಲು ಮುಂದ ಬಂದಿತ್ತು' ಎಂದು ಶುರು ಮಾಡಿದರು. ಮಕ್ಕಳು ಅಲ್ಲಿಂದ ಏಳಲಿಲ್ಲ. ಹೊಸ ನಕ್ಷೆಯಲ್ಲಿ ಅವರ ಮನೆಯನ್ನು ಗುಡಿಗಿಂತ ದೊಡ್ಡದಾಗಿ ಬರೆದರು. ಅಳತೆ ತಪ್ಪು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ನಿಮ್ಮ ನಕ್ಷೆ ತಯಾರಾದ ಮೇಲೆ ಒಂದು ಸಲ ಕೇಳಿಕೊಳ್ಳಿ: ತರಗತಿಯ ಪ್ರತಿ ಮಗುವಿನ ಮನೆಯೂ ಇದರಲ್ಲಿದೆಯಾ? ಪಟ್ಟಣದಲ್ಲಾದರೆ, ಮನೆಗೆಲಸಕ್ಕೆ ಬರುವವರ, ವಾಚ್‌ಮನ್‌ನ ಮನೆ ಇದೆಯಾ?

ಹಂತ 6: ವಿಡಿಯೋ ಕರೆ

ಪತ್ರ ಎರಡು ಸುತ್ತು ಓಡಾಡಿದ ಮೇಲೆಯೇ ಕರೆ ಮಾಡಿ. ಮೊದಲೇ ಮಾಡಿದರೆ ಕೈ ಬೀಸಿ ಬೀಸಿ ಸಮಯ ಮುಗಿಯುತ್ತದೆ, ಮಾತಾಡಲು ಏನೂ ಇರುವುದಿಲ್ಲ.

ಗಡಿಯಾರದ ಲೆಕ್ಕ ಹುಷಾರು. ಬೇಸಿಗೆಯಲ್ಲಿ ಜರ್ಮನಿಗಿಂತ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಅವರು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ತಿರುಗಿಸುತ್ತಾರೆ. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ಇದನ್ನು ಮರೆತು ನವೆಂಬರ್‌ನಲ್ಲಿ ನಾವು ಹಳೆಯ ಲೆಕ್ಕದಂತೆ 11:30ಕ್ಕೇ ಕೂತೆವು. ಅವರು ಬಂದದ್ದು 12:30ಕ್ಕೆ. ಅಷ್ಟೊತ್ತಿಗೆ ಬಿಸಿಯೂಟದ ಸಾರಿನ ವಾಸನೆ ಬಂದು ಯಾರ ಗಮನವೂ ಪರದೆ ಮೇಲೆ ಇರಲಿಲ್ಲ.

ನೆಟ್‌ವರ್ಕ್ ಸರಿ ಇಲ್ಲದ ಊರಿನವರು ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ವಿಚಾರಿಸಿ. ಎಷ್ಟೋ ಕಡೆ ಕಂಪ್ಯೂಟರ್, ಇಂಟರ್‌ನೆಟ್ ಎರಡೂ ಇವೆ. ಕರೆ 25 ನಿಮಿಷ ದಾಟದಿರಲಿ. ಎಲ್ಲರೂ ಮಾತಾಡಬೇಕೆಂಬ ಹಟ ಬೇಡ, ಒಂದು ಸಲಕ್ಕೆ ಆರು ಮಕ್ಕಳು ಸಾಕು. ಕೈಯಲ್ಲಿ ಒಂದೊಂದು ವಸ್ತು ಇರಲಿ, ಅದನ್ನು ತೋರಿಸಿ ಮಾತಾಡಲಿ. ಬಗರಿ ಆಡಿಸಿ ಅಂಗೈ ಮೇಲೆ ಎತ್ತಿಕೊಂಡ ನಮ್ಮ ಹುಡುಗನಿಗೆ ಅಲ್ಲಿಂದ ಬಂದ ಚಪ್ಪಾಳೆಗೆ ಯಾವ ಅನುವಾದವೂ ಬೇಕಾಗಲಿಲ್ಲ. ಕರೆಂಟ್ ಹೋದರೆ ಕೈಗೆ ಸಿಗಲೆಂದು ಎರಡು ನಿಮಿಷದ ರೆಕಾರ್ಡಿಂಗ್ ಮೊದಲೇ ಮಾಡಿಟ್ಟುಕೊಳ್ಳಿ. ನಮ್ಮಲ್ಲಿ ಹೋಗಿಯೇ ಹೋಯಿತು.

ಹಂತ 7: ಇಬ್ಬರೂ ಸೇರಿ ಮಾಡುವ ಒಂದು ಕೆಲಸ

ಪತ್ರ, ಕರೆ ಆದ ಮೇಲೆ ಒಂದು ಹಂತದಲ್ಲಿ ಉತ್ಸಾಹ ಇಳಿಯುತ್ತದೆ. ಆಗ ಬೇಕು ಜಂಟಿ ಕೆಲಸ. ನಮಗೆ ಅಂಥ ಎರಡು ಕೆಲಸಗಳು ಫಲ ಕೊಟ್ಟವು.

ಒಂದು, ನೆರಳು ಅಳೆಯುವುದು. ಡಿಸೆಂಬರ್ 21ರ ಆಸುಪಾಸಿನಲ್ಲಿ, ಎರಡೂ ಕಡೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳು ದಿನದಲ್ಲೇ ಅತಿ ಚಿಕ್ಕದಾದಾಗ ಅಳೆಯಬೇಕು. ಎರಡೂ ಕಡೆ ತಮ್ಮ ತಮ್ಮ ಗಡಿಯಾರದಲ್ಲಿ 12:20ರಿಂದ 12:30ರ ಸುಮಾರು ಅದು. ನಮ್ಮ ನೆರಳು 78 ಸೆಂಟಿಮೀಟರ್ ಹತ್ತಿರ ಬರುತ್ತದೆ. ಅವರದು ಮೂರು ಮೀಟರ್ ದಾಟುತ್ತದೆ. 'ಅಷ್ಟುದ್ದ ಕೋಲು ಯಾಕ್ ಇಟ್ಟಾರ?' ಎಂದು ನಮ್ಮವರಿಗೆ ಅನುಮಾನ. ಅಲ್ಲಿಂದ ಗೋಳ, ಅಕ್ಷಾಂಶ, ಆ ತಿಂಗಳು ಅವರಿಗೆ ಹಗಲು ಎಂಟೂಕಾಲು ಗಂಟೆ ಮಾತ್ರ, ನಮಗೆ ಹನ್ನೊಂದೂಕಾಲು ಎಂಬಲ್ಲಿಯವರೆಗೆ ಪಾಠ ತಾನಾಗಿ ನಡೆಯಿತು. ಆಮೇಲೆ ಒಬ್ಬಳು ಹೇಳಿದಳು: 'ಅದಕ್ಕ ಅವ್ರು ಕಣದಾಗ ಏನೂ ಒಣಗಸಂಗಿಲ್ಲ.'

ಎರಡು, ನಿಘಂಟು. ಇದಕ್ಕೊಂದು ಹಳೆಯ ಕತೆಯೂ ಇದೆ. 1853ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು, ಸುಮಾರು 70,000 ಪದಗಳದ್ದು. ಅವರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ಎರಡೂ ಸ್ಟುಟ್‌ಗಾರ್ಟ್‌ಗೆ ಹತ್ತಿರದ ಊರುಗಳು. ಅಲ್ಲಿನ ಟೀಚರಿಗೇ ಇದು ಗೊತ್ತಿರಲಿಲ್ಲ.

ನಮ್ಮ ನಿಘಂಟಿನ ನಿಯಮ ಸರಳ: ಎರಡೂ ಕಡೆ ದಿನಾ ಬಾಯಲ್ಲಿ ಬರುವ ಪದಗಳು ಮಾತ್ರ, ಪ್ರತಿಯೊಂದಕ್ಕೂ ಒಂದು ಚಿತ್ರ. ಮಳೆಗೆ ರೇಗನ್, ಬೆಕ್ಕಿಗೆ ಕಾಟ್ಸೆ, ಅಜ್ಜಿಗೆ ಓಮಾ. ಕೈಗವಸಿಗೆ ಅವರು ಹಾಂಡ್‌ಶೂ ಎನ್ನುತ್ತಾರೆ, ಅಂದರೆ ಕೈಯ ಬೂಟು. ಆ ದಿನ ಇಡೀ ಶಾಲೆಯಲ್ಲಿ 'ಕೈಗೆ ಬೂಟ್ ಹಾಕ್ಕೋ' ಎಂಬುದೇ ಮಾತು. ನಮ್ಮ ಕಡೆಯಿಂದ 'ಗಿಲಿಗಿಲಿ' ಹೋಯಿತು, ಒಣಗಿದ ಮೆಣಸಿನಕಾಯಿ ಅಲ್ಲಾಡಿಸಿದಾಗ ಬರುವ ಸದ್ದು ಎಂಬ ಅರ್ಥದ ಜೊತೆ. ಅದಕ್ಕೆ ಜರ್ಮನ್ ಪದ ಇನ್ನೂ ಸಿಕ್ಕಿಲ್ಲ.

ಹೋಲಿಕೆ ಬಂದಾಗ

ಬಂದೇ ಬರುತ್ತದೆ. 'ಅವರ ಸಾಲ್ಯಾಗ ಎಲ್ಲಾರಿಗೂ ಬ್ಯಾರೆ ಬ್ಯಾರೆ ಕುರ್ಚಿ ಐತ್ರಿ.' ಸುಳ್ಳು ಸಮಾಧಾನ ಹೇಳಬೇಡಿ. ಹೌದು ಇದೆ, ನಮಗೂ ಬೇಕು, ಕೇಳೋಣ ಎನ್ನಿ. ಆದರೆ ಹೋಲಿಕೆ ಎರಡೂ ಕಡೆ ಹರಿಯಲಿ. ಅಲ್ಲಿನ ಮಕ್ಕಳಿಗೆ ನಮ್ಮವರು ಶಾಲೆ ಬಿಟ್ಟ ಮೇಲೆ ಯಾರಿಗೂ ಕೇಳದೆ ಯಾರ ಮನೆಗಾದರೂ ಹೋಗಿ ರೊಟ್ಟಿ ತಿನ್ನುವುದು ದೊಡ್ಡ ಹೊಟ್ಟೆಕಿಚ್ಚು. 'ಮೊದಲು ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳುವುದಿಲ್ಲವಾ?' ಎಂದು ಕೇಳಿದ್ದರು.

ಶಾಲೆ ಇಲ್ಲದೆ, ಮನೆಯಲ್ಲೇ ಮಾಡುವುದಾದರೆ

ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮಕ್ಕಳು ಸೇರಿದರೂ ಸಾಕು. ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುವ ಅಣ್ಣತಮ್ಮಂದಿರ ಮಕ್ಕಳು, ಅವರ ಗೆಳೆಯರಿಂದಲೇ ಶುರು ಮಾಡಿ. ಕಿಟಕಿ ಪುಟ, ನಕ್ಷೆ, ಮೂರು ಸಂಗತಿಯ ಪತ್ರ ಎಲ್ಲ ಹೀಗೇ.

ಹೊರದೇಶದಲ್ಲಿರುವ ಕನ್ನಡದ ಪಾಲಕರಿಗೆ ಒಂದು ಮಾತು. ನೀವು ಹುಟ್ಟಿದ ಊರಿನ ಶಾಲೆಗೆ ದುಡ್ಡು ಕಳಿಸುವುದು ಬೇರೆ, ಅದು ದೊಡ್ಡವರ ಜೊತೆ ನಡೆಯಲಿ. ಇಲ್ಲಿಯ ಮಕ್ಕಳಿಗೆ ನಿಮ್ಮ ಮಕ್ಕಳಿಂದ ಬೇಕಾದ್ದು ಒಂದು ನಕ್ಷೆ, ಒಂದು ಪ್ರಶ್ನೆ. ಕನ್ನಡ ಅಕ್ಷರ ಓರೆಕೋರೆ ಇದ್ದರೆ ತಿದ್ದಬೇಡಿ. ನಮ್ಮ ಮಕ್ಕಳು ಆ ತಪ್ಪುಗಳನ್ನು ಭಾರೀ ಖುಷಿಯಿಂದ ತಿದ್ದುತ್ತಾರೆ, ಟೀಚರ್ ಆಗುವ ಅವಕಾಶ ಅವರಿಗೂ ಸಿಗಲಿ.

ವರ್ಷದ ಕೊನೆಗೆ

ಜರ್ಮನಿಯಲ್ಲಿ ಅವರಿರುವ ಕಡೆ ಪ್ರಾಥಮಿಕ ಶಾಲೆ ನಾಲ್ಕನೇ ತರಗತಿಗೇ ಮುಗಿಯುತ್ತದೆ, ಮಕ್ಕಳು ಬೇರೆ ಬೇರೆ ಶಾಲೆಗೆ ಚದುರಿ ಹೋಗುತ್ತಾರೆ. ಆದ್ದರಿಂದ ಮಾರ್ಚ್‌ನಲ್ಲಿ ಎರಡೂ ಕಡೆಯವರು ಕೊನೆಯ ಪತ್ರವನ್ನು ಮುಂದಿನ ವರ್ಷ ತಮ್ಮ ಬೆಂಚಿನಲ್ಲಿ ಕೂರುವವರಿಗೆ ಬರೆದಿಡುತ್ತಾರೆ: ಆ ಕಡೆಯವರಿಗೆ ಏನು ಕೇಳಬೇಕು, ಏನು ಕೇಳಿ ಆಗಿದೆ, ಯಾವುದಕ್ಕೆ ಉತ್ತರ ಬಂದಿಲ್ಲ. ನಕ್ಷೆ, ನಿಘಂಟು ಶಾಲೆಯಲ್ಲೇ ಉಳಿಯುತ್ತವೆ. ನಿಘಂಟಿನಲ್ಲಿ ಈಗ 140 ಪದಗಳಿವೆ.

ಈ ವರ್ಷದ ಕಿಟಕಿ ಪುಟ ಹೋದ ವಾರ ಶುರುವಾಯಿತು. ಮೂರನೇ ದಿನ. 'ಬರಿಯೋಕ ಏನೂ ಇಲ್ರಿ ಅಕ್ಕೋರ' ಎಂದು ಆಗಲೇ ಇಬ್ಬರು ಬಂದು ಹೇಳಿ ಹೋಗಿದ್ದಾರೆ.